ಹೊಳೆಯುವ ಚಕ್ರದ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದಲ್ಲಿ ವಾಲ್ಕಾಟ್ ಎಂಬ ಪುಟ್ಟ ಊರಿದೆ. ಊರ ಪಕ್ಕದಲ್ಲೇ ಹಾದುಹೋಗುವ 80ನೇ ಅಂತರರಾಜ್ಯ ಹೆದ್ದಾರಿಯ ಮಗ್ಗುಲಲ್ಲಿ ‘ಅಯೋವಾ 80’ ಎಂಬ ಟ್ರಕ್ ತಂಗುದಾಣ. ಜಗತ್ತಿನಲ್ಲೇ ದೊಡ್ಡದು ತಾನು ಎಂದು ಅದು ಹೇಳಿಕೊಳ್ಳುತ್ತದೆ. 1979ರಲ್ಲಿ ಶುರುವಾದ ಟ್ರಕ್ ಚಾಲಕರ ಜಾತ್ರೆ ಅಲ್ಲಿ ಜುಲೈ ತಿಂಗಳಲ್ಲಿ ನೆರೆಯುತ್ತದೆ. ಊಟ, ಸಂಗೀತ, ಹಳೆಯ ಟ್ರಕ್‌ಗಳ ಪ್ರದರ್ಶನ ಎಲ್ಲ ಉಂಟು. ಜೊತೆಗೆ ಟ್ರಕ್‌ಗಳಿಗೇ ಒಂದು ಸೌಂದರ್ಯ ಸ್ಪರ್ಧೆ. ಅದಕ್ಕೆ ನಿಂತ ಗಾಡಿಯ ಚಕ್ರದಲ್ಲಿ ನೋಡುವವರ ಮುಖ ಕಾಣದಿದ್ದರೆ ಮಾಲೀಕನಿಗೆ ಅವಮಾನ. ಅಲ್ಯೂಮಿನಿಯಂ ಚಕ್ರವನ್ನು ಆ ಮಟ್ಟಕ್ಕೆ ತರಲು ಕೆಲವರು ರಜೆಯ ದಿನಗಳನ್ನೆಲ್ಲ ಅದರ ಮುಂದೆ ಮೊಣಕಾಲೂರಿ ಕಳೆಯುತ್ತಾರೆ.

ನಮ್ಮ ಲಾರಿಗಳ ಸೊಗಸು ಇರುವುದು ಬಣ್ಣದಲ್ಲಿ, ಹಿಂಬದಿಯ ಬರಹದಲ್ಲಿ, ಮುಂದೆ ತೂಗುವ ನಿಂಬೆ–ಮೆಣಸಿನಕಾಯಿಯಲ್ಲಿ. ಚಕ್ರಗಳು ಬಹುಪಾಲು ಇಂದಿಗೂ ಉಕ್ಕಿನವೇ. ಕಾರು, ಬೈಕುಗಳ ಕಥೆ ಬೇರೆ. ಅಲಾಯ್ ವೀಲ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ ಇದೆ ಎಂದರೆ ಗಾಡಿ ಮೇಲ್ದರ್ಜೆಯದು ಎಂದೇ ಲೆಕ್ಕ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ಆಯುಧಪೂಜೆಯ ಮುನ್ನಾದಿನ ಯಾವುದೇ ಊರಿನ ವಾಟರ್ ಸರ್ವಿಸ್ ಅಂಗಡಿಯ ಮುಂದೆ ನಿಂತರೆ, ಚಕ್ರ ಹೊಳೆಯಬೇಕು ಎಂಬ ಆಸೆ ವಾಲ್ಕಾಟಿನದು ಮಾತ್ರವಲ್ಲ ಎಂದು ತಿಳಿಯುತ್ತದೆ.

ಹೊಳೆಯುವ ಚಕ್ರ ಎಂದರೆ ಚೆನ್ನಾಗಿ ನೋಡಿಕೊಂಡ ಚಕ್ರ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಆ ಹೊಳಪು ಹೇಗೆ ಬಂತು, ಯಾರ ಕೈಯಿಂದ ಬಂತು, ಏನನ್ನು ಮುಚ್ಚಿಕೊಂಡು ಬಂತು ಎಂದು ಕೇಳದೆ ಚಕ್ರಕ್ಕೆ ಅಂಕ ಕೊಡಲು ಬರುವುದಿಲ್ಲ.

ಮೊದಲು ಲೋಹದ ಸ್ವಭಾವ ನೋಡೋಣ. ಕಬ್ಬಿಣಕ್ಕೆ ಹಿಡಿದ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ, ಕೆಳಗಿನ ಲೋಹ ಮತ್ತೆ ಬಯಲಾಗುತ್ತದೆ, ಮತ್ತೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಗಾಳಿ ಸೋಕಿದ ಕ್ಷಣದಲ್ಲೇ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಪಾಲು. ಅಷ್ಟು ತೆಳುವಾದರೂ ಕೆಳಗಿನ ಲೋಹಕ್ಕೆ ಗಾಳಿ, ನೀರು ತಾಗದಂತೆ ಅದು ತಡೆಯುತ್ತದೆ. ಗೀರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ನಡುವಿನ ಸ್ಥಿತಿಯಲ್ಲಿ ಈ ಪೊರೆ ಗಟ್ಟಿ. ತೀರಾ ಆಮ್ಲಕ್ಕೆ ಹೋದರೂ ತೀರಾ ಕ್ಷಾರಕ್ಕೆ ಹೋದರೂ ಕರಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ನೀರಿನಲ್ಲಿ ನೆನೆಹಾಕಿ ಕಪ್ಪು ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪು ಇನ್ನೊಂದು ವೈರಿ. ಅದರಲ್ಲಿರುವ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಮಾಡುವ ಈ ಕೆಲಸವನ್ನು ಕಾರವಾರ, ಮಂಗಳೂರುಗಳಲ್ಲಿ ಕಡಲ ಗಾಳಿಯೇ ಮಾಡುತ್ತದೆ.

ಹಾಗಾದರೆ ಪಾಲಿಶ್ ಮಾಡುವುದು ಎಂದರೇನು? ಈ ಪೊರೆಯನ್ನೂ ಅದರ ಕೆಳಗಿನ ಒಂದಿಷ್ಟು ಲೋಹವನ್ನೂ ಉಜ್ಜಿ ತೆಗೆಯುವುದು. ಅದರಿಂದ ಮೈ ನುಣುಪಾಗುತ್ತದೆ, ಬೆಳಕು ಚದುರದೆ ನೇರ ಮರಳುತ್ತದೆ, ಕಣ್ಣಿಗೆ ಹೊಳಪು. ಹೊಸ ಪೊರೆ ಕೂಡಲೇ ಕಟ್ಟಿಕೊಳ್ಳುವುದರಿಂದ ಲೋಹಕ್ಕೆ ಇದರಿಂದ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಂಕಾದ ಅಲ್ಯೂಮಿನಿಯಂ ಎಂದರೆ ರೋಗ ಬಂದ ಅಲ್ಯೂಮಿನಿಯಂ ಅಲ್ಲ. ತನ್ನ ಪಾಡಿಗೆ ತನ್ನನ್ನು ಕಾಪಾಡಿಕೊಂಡಿರುವ ಲೋಹ ಅದು.

ಚಕ್ರಕ್ಕೆ ಅಲ್ಯೂಮಿನಿಯಂ ಬಂದದ್ದೂ ಅಂದಕ್ಕಾಗಿ ಅಲ್ಲ. 1924ರಲ್ಲಿ ಫ್ರಾನ್ಸಿನ ಲಿಯೋಂ ನಗರದ ಗ್ರಾಂ ಪ್ರಿ ಸ್ಪರ್ಧೆಗೆ ಕಾರು ತಯಾರಕ ಎಟ್ಟೋರೆ ಬುಗಾಟಿ ತಂದ ‘ಟೈಪ್ 35’ ಕಾರುಗಳಿಗೆ ಎಂಟು ಕಡ್ಡಿಯ ಎರಕದ ಅಲ್ಯೂಮಿನಿಯಂ ಚಕ್ರಗಳಿದ್ದವು, ಬ್ರೇಕ್ ಡ್ರಮ್ ಕೂಡ ಅದರಲ್ಲೇ ಸೇರಿತ್ತು. ಟ್ರಕ್ಕಿಗೆ ಬಡಿದು ರೂಪಿಸಿದ ಅಲ್ಯೂಮಿನಿಯಂ ಚಕ್ರವನ್ನು ಅಮೆರಿಕದ ಅಲ್ಕೋವಾ ಕಂಪನಿ ತಂದದ್ದು 1948ರಲ್ಲಿ. ಎರಡೂ ಕಡೆ ಕಾರಣ ತೂಕ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದು ಪಾಲು. ದೊಡ್ಡ ಟ್ರಕ್ಕಿನ ಉಕ್ಕಿನ ಚಕ್ರ ಮೂವತ್ತು ಕಿಲೋ ದಾಟಿದರೆ ಅಲ್ಯೂಮಿನಿಯಂನದು ಇಪ್ಪತ್ತರ ಆಸುಪಾಸು. ಹದಿನೆಂಟು ಚಕ್ರಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಇನ್ನೂರು ಕಿಲೋ ಉಳಿತಾಯ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಸರಕು ಸೇರಿ ಗಾಡಿಯ ತೂಕ 80 ಸಾವಿರ ಪೌಂಡ್, ಅಂದರೆ ಸುಮಾರು 36 ಟನ್ ಮೀರುವಂತಿಲ್ಲ. ಚಕ್ರದಲ್ಲಿ ಉಳಿದದ್ದನ್ನು ಸರಕಾಗಿ ಏರಿಸಬಹುದು. ಹಾಲು, ಇಂಧನ, ಸಿಮೆಂಟುಗಳನ್ನು ತೂಕದ ಲೆಕ್ಕದಲ್ಲಿ ಸಾಗಿಸುವವರಿಗೆ ಇದು ಪ್ರತಿ ಟ್ರಿಪ್ಪಿಗೂ ಸಿಗುವ ಹಣ. ಹೊಳಪು ಇದರ ಜೊತೆಗೆ ಬಂದ ಕೊಸರು.

ಆ ಕೊಸರನ್ನು ಕಸುಬು ಮಾಡಿಕೊಂಡವರ ಕೈಚಳಕ ಮಾತ್ರ ನೋಡುವಂಥದ್ದು. ಒಳ್ಳೆಯ ಪಾಲಿಶ್‌ಗಾರ ಮೊದಲು ಪಾಲಿಶ್ ಡಬ್ಬಿ ತೆರೆಯುವುದೇ ಇಲ್ಲ. ಚಕ್ರದ ಬಿಸಿ ಆರಲು ಬಿಡುತ್ತಾನೆ. ಸಾಬೂನು ನೀರಿನಿಂದ ತೊಳೆದು ಗ್ರೀಸು, ಡಾಂಬರಿನ ಕಲೆ ತೆಗೆಯುತ್ತಾನೆ. ಧೂಳು ಉಳಿದರೆ ಅದೇ ಮರಳಾಗಿ ಗೀರುತ್ತದೆಂದು ಅವನಿಗೆ ಗೊತ್ತು. ಗುಳಿ ಬಿದ್ದ ಮೈಯಾದರೆ ನೀರು ಹಾಕಿ ಉಪ್ಪುಕಾಗದದಿಂದ ತಿಕ್ಕುತ್ತಾನೆ. ಒರಟು ಕಾಗದದ ಗೀರನ್ನು ಅದಕ್ಕಿಂತ ನಯವಾದ ಕಾಗದ ಅಳಿಸಬೇಕು. ನಾನೂರು, ಆರುನೂರು, ಎಂಟುನೂರು, ಸಾವಿರ ಹೀಗೆ ನಂಬರು ಏರುತ್ತದೆ. ನಡುವೆ ಒಂದನ್ನು ಹಾರಿಸಿದರೆ ಆ ಗೀರು ಕೊನೆಯಲ್ಲಿ ಬಿಸಿಲಿಗೆ ಹಿಡಿದಾಗ ಎದ್ದು ಕಾಣುತ್ತದೆ. ಆಮೇಲೆ ಬಟ್ಟೆಯ ಬಫಿಂಗ್ ಗಾಲಿಗೆ ಕಂದು, ಹಸಿರು, ಬಿಳಿ ಬಣ್ಣದ ಪಾಲಿಶ್ ಗಟ್ಟಿಗಳನ್ನು ಹಚ್ಚಿ ಉಜ್ಜುವ ಕೆಲಸ. ಇಲ್ಲಿ ಒಂದು ತಮಾಷೆ ಇದೆ: ಬಿಳಿ ಗಟ್ಟಿಯಲ್ಲಿರುವ ಪುಡಿ ಅದೇ ಅಲ್ಯೂಮಿನಿಯಂ ಆಕ್ಸೈಡ್. ಲೋಹ ಮೆದು, ಅದರ ಆಕ್ಸೈಡ್ ಮಾತ್ರ ಮಾಣಿಕ್ಯದಷ್ಟೇ ಗಡಸು; ಹಾಗಾಗಿ ಅಲ್ಯೂಮಿನಿಯಂ ಅನ್ನು ಉಜ್ಜುವುದು ಅದರದ್ದೇ ಪುಡಿ. ಉಜ್ಜಿದಷ್ಟೂ ಮಸಿಯಂಥ ಕಪ್ಪು ಜಿಡ್ಡು ಹೊರಬರುತ್ತದೆ. ಅದು ಕೊಳೆಯಲ್ಲ, ಎಣ್ಣೆಯಲ್ಲಿ ಬೆರೆತ ಲೋಹದ ನಯಪುಡಿ. ಕೊನೆಗೆ ಆ ಜಿಡ್ಡು ಹೀರಲು ಅಮೆರಿಕದ ಪಾಲಿಶ್‌ಗಾರರು ಬಳಸುವುದು ಅಡುಗೆಮನೆಯ ಗೋಧಿ ಹಿಟ್ಟನ್ನೇ. ಹಿಟ್ಟು ಉದುರಿಸಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಕಪ್ಪೆಲ್ಲ ಅದರೊಂದಿಗೆ ಎದ್ದುಬರುತ್ತದೆ.

ಇಷ್ಟು ದುಡಿದು ತಂದ ಹೊಳಪು ಎಷ್ಟು ದಿನ? ಮಳೆಗಾಲ ಒಂದು ಕಳೆದರೆ ಮಂಕು. ಮೇಲೆ ಮೇಣವನ್ನೋ ಸೀಲಂಟನ್ನೋ ಸವರಿದರೆ ಇನ್ನಷ್ಟು ದಿನ. ಈ ಬೇಸರವೇ ತಯಾರಕರನ್ನು ಮತ್ತೊಂದು ದಾರಿಗೆ ತಂದಿತು. ಉಜ್ಜುವ ಅಗತ್ಯವೇ ಇಲ್ಲದಂತೆ ಮೈಯನ್ನು ಸಂಸ್ಕರಿಸಿದ ಟ್ರಕ್ ಚಕ್ರಗಳು ಈಗ ಬರುತ್ತವೆ. ಅವುಗಳಿಗೆ ಸಾಬೂನು ನೀರು ಸಾಕು. ಅಭ್ಯಾಸಬಲದಿಂದ ಇಂಥ ಚಕ್ರವನ್ನೂ ಪಾಲಿಶ್ ಹಾಕಿ ಉಜ್ಜಿ, ದುಡ್ಡು ಕೊಟ್ಟು ಕೊಂಡ ರಕ್ಷಣೆಯನ್ನು ಕೈಯಾರೆ ಕಿತ್ತುಹಾಕುವವರೂ ಇದ್ದಾರೆ.

ಕಾರಿನ ಮಾಲೀಕರು ಇಲ್ಲಿ ಕಿವಿಗೊಡಬೇಕು. ಇಂದಿನ ಬಹುತೇಕ ಕಾರಿನ ಅಲಾಯ್ ವೀಲ್‌ಗಳಲ್ಲಿ ಕೈಗೆ ತಾಗುವುದು ಅಲ್ಯೂಮಿನಿಯಂ ಅಲ್ಲ. ಬಣ್ಣ, ಅದರ ಮೇಲೊಂದು ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್. ‘ಡೈಮಂಡ್ ಕಟ್’ ಎಂದು ಮಾರುವ ಚಕ್ರದ ಮುಖವನ್ನು ಲೇತಿನಲ್ಲಿ ನಯವಾಗಿ ಕೆತ್ತಿರುತ್ತಾರೆ, ಅಲ್ಲೂ ಮೇಲೆ ಲೇಪ ಇದ್ದೇ ಇರುತ್ತದೆ. ಇದಕ್ಕೆ ಲೋಹದ ಪಾಲಿಶ್ ಹಚ್ಚಿದರೆ ಉಜ್ಜುವುದು ಲೇಪವನ್ನು. ನಿಮ್ಮ ಚಕ್ರ ಯಾವುದೆಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಮರೆಯಲ್ಲಿರುವ ಒಂದು ಮೂಲೆಗೆ ಬಟಾಣಿಯಷ್ಟು ಪಾಲಿಶ್ ಹಚ್ಚಿ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆ ಕಪ್ಪಾದರೆ ಬರಿಯ ಲೋಹ. ಕಪ್ಪಾಗದಿದ್ದರೆ ಮೇಲೆ ಲೇಪ ಇದೆ. ಪಾಲಿಶ್ ಡಬ್ಬಿ ಮುಚ್ಚಿಟ್ಟುಬಿಡಿ.

ಲೇಪದ ಚಕ್ರಕ್ಕೆ ಅಪಾಯ ಬರುವುದು ಎರಡು ಕಡೆಯಿಂದ. ಒಂದು, ಬ್ರೇಕಿನ ಪುಡಿ. ಬ್ರೇಕ್ ಹಿಡಿದಾಗಲೆಲ್ಲ ಡಿಸ್ಕು, ಪ್ಯಾಡುಗಳಿಂದ ಬಿಸಿ ಕಬ್ಬಿಣದ ಕಣಗಳು ಸಿಡಿದು ಚಕ್ರಕ್ಕೆ ಅಂಟುತ್ತವೆ, ಅಲ್ಲೇ ತುಕ್ಕು ಹಿಡಿದು ಲೇಪದೊಳಕ್ಕೆ ಇಳಿಯುತ್ತವೆ. ವಾರಕ್ಕೊಮ್ಮೆ ತೊಳೆದರೆ ಬರಿಯ ನೀರಿಗೆ ಹೋಗುವ ಪುಡಿ, ತಿಂಗಳುಗಟ್ಟಲೆ ಬಿಟ್ಟರೆ ಜಪ್ಪಯ್ಯ ಅಂದರೂ ಹೋಗದು. ಎರಡನೆಯದು ಕಲ್ಲೇಟು. ಲೇಪ ಒಂದು ಸಾಸಿವೆಕಾಳಿನಷ್ಟು ಎದ್ದರೂ ನೀರು, ಉಪ್ಪು ಅಡಿಗೆ ನುಸುಳಿ, ಎಲೆಯೊಳಗೆ ಹುಳು ತಿಂದ ಜಾಡಿನಂತೆ ಬಿಳಿಯ ಗೆರೆಗಳು ಹರಿಯತೊಡಗುತ್ತವೆ. ಆಗ ಮೇಲಿನಿಂದ ಏನು ಹಚ್ಚಿದರೂ ವ್ಯರ್ಥ. ಲೇಪ ಪೂರ್ತಿ ತೆಗೆದು ಮತ್ತೆ ಹಾಕಿಸಬೇಕು. ಅಂದಹಾಗೆ, ಆಯುಧಪೂಜೆಯಂದು ಚಕ್ರಕ್ಕೆ ಹಚ್ಚಿದ ವಿಭೂತಿ, ಕುಂಕುಮ, ಚಕ್ರದಡಿ ಸಿಡಿದ ನಿಂಬೆಯ ರಸ ಇವುಗಳಿಂದ ಚಕ್ರ ಹಾಳಾಗುವುದಿಲ್ಲ, ಮರುದಿನ ತೊಳೆದರೆ ಆಯಿತು.

ಹಾಗಾದರೆ ವಾಲ್ಕಾಟಿನ ಚಾಲಕ ಮೊಣಕಾಲೂರಿದ್ದೆಲ್ಲ ದಂಡವೇ? ಅಲ್ಲ. ಅವನ ಪರವಾಗಿ ಒಂದು ಬಲವಾದ ವಾದ ಇದೆ, ಅದು ಹೊಳಪಿನದ್ದಲ್ಲ. ಕೈಯಿಂದ ಚಕ್ರ ತೊಳೆಯುವವನ ಕಣ್ಣು ಚಕ್ರದಿಂದ ಒಂದು ಅಡಿ ದೂರದಲ್ಲಿರುತ್ತದೆ. ನಟ್ಟಿನ ಬುಡದಿಂದ ಹೊರಮುಖವಾಗಿ ಇಳಿದ ತುಕ್ಕಿನ ಗೆರೆ ಅವನಿಗೆ ಕಾಣುತ್ತದೆ. ನಟ್ಟು ಸಡಿಲಾಗಿರಬಹುದು ಎಂಬುದರ ಸೂಚನೆ ಅದು. ಬೋಲ್ಟ್ ತೂತುಗಳ ನಡುವಿನ ಕೂದಲೆಳೆಯಂಥ ಬಿರುಕು, ಟೈರು ಕೂರುವ ಅಂಚಿನ ತಗ್ಗು, ಸಮತೋಲಕ್ಕೆ ಹಾಕಿದ ತೂಕದ ಗುಂಡು ಬಿದ್ದುಹೋದ ಗುರುತು ಎಲ್ಲ ಅವನ ಬೆರಳಿಗೆ ತಾಗುತ್ತವೆ. ದೊಡ್ಡ ಟ್ರಕ್ಕಿನ 22 ಮಿ.ಮೀ. ನಟ್ಟುಗಳನ್ನು ಸಾಮಾನ್ಯವಾಗಿ 610ರಿಂದ 680 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಚಕ್ರ ಕಳಚಿ ಹಾಕಿದ ಮೇಲೆ ನೂರು ಕಿಲೋಮೀಟರಿನ ಆಸುಪಾಸು ಓಡಿಸಿ ಮತ್ತೊಮ್ಮೆ ನೋಡಬೇಕು. ಚಕ್ರವನ್ನು ಬಿಗಿಯುವ ಹಬ್ಬು ಸಾಮಾನ್ಯವಾಗಿ ಕಬ್ಬಿಣದ್ದು, ಚಕ್ರ ಅಲ್ಯೂಮಿನಿಯಂನದು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕಟ್ಟಿ ಚಕ್ರ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಆ ಜಾಗವನ್ನು ಉಜ್ಜಿ ಸ್ವಚ್ಛ ಮಾಡುವುದು ನಿಜವಾದ ಆರೈಕೆ. ಅಲ್ಲಿ ಯಾರ ಮುಖವೂ ಕಾಣುವುದಿಲ್ಲ, ಸ್ಪರ್ಧೆಯಲ್ಲಿ ಅಂಕವೂ ಇಲ್ಲ.

ದುಡಿಮೆಯಿಂದ ಬಂದ ಹೊಳಪಿನ ಜೊತೆ ಈ ಪರೀಕ್ಷೆ ತಾನಾಗಿ ನಡೆದುಹೋಗುತ್ತದೆ. ಅಡ್ಡದಾರಿಯ ಹೊಳಪು ಇದನ್ನೇ ಕಿತ್ತುಕೊಳ್ಳುತ್ತದೆ.

ಅಡ್ಡದಾರಿಯ ಹೆಸರು ಆಮ್ಲ. ಟ್ರಕ್ ತೊಳೆಯುವ ಜಾಗಗಳಲ್ಲಿ ‘ಬ್ರೈಟನರ್’ ಎಂದು ಬಳಸುವ ದ್ರವಗಳಲ್ಲಿ ಹಲವಕ್ಕೆ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಜೀವಾಳ. ರಸ್ತೆಯ ಧೂಳಿನ ಸಿಲಿಕಾವನ್ನೂ ಅಲ್ಯೂಮಿನಿಯಂ ಆಕ್ಸೈಡನ್ನೂ ಒಟ್ಟಿಗೆ ಕರಗಿಸುವ ಗುಣ ಇವಕ್ಕಿದೆ. ಸಿಂಪಡಿಸಿ, ನೀರು ಹೊಡೆದರೆ ನಿಮಿಷದಲ್ಲಿ ಚಕ್ರ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗಾಗುವುದು ಮೈಯನ್ನು ಆಮ್ಲ ತಿಂದದ್ದರಿಂದ. ಒರಟಾದ ಮೈ ಮುಂದಿನ ಕೊಳೆಯನ್ನು ಇನ್ನೂ ಬೇಗ ಹಿಡಿಯುತ್ತದೆ, ಮತ್ತೆ ಅದೇ ದ್ರವ ಬೇಕಾಗುತ್ತದೆ. ಲೇಪದ ಚಕ್ರವಾದರೆ ಲೇಪ ಮಂಕಾಗಿ ಏಳುತ್ತದೆ.

ಚಕ್ರದ ಮಾತು ಬಿಡಿ, ಸಿಂಪಡಿಸುವವನ ಕೈಯ ಮಾತು ದೊಡ್ಡದು. ಹೈಡ್ರೋಫ್ಲೋರಿಕ್ ಆಮ್ಲ ಬೇರೆ ಆಮ್ಲಗಳ ಹಾಗೆ ಬಿದ್ದ ತಕ್ಷಣ ಉರಿಯಬೇಕೆಂದಿಲ್ಲ. ನೀರು ಬೆರೆಸಿದ್ದಾದರೆ ಗಂಟೆಗಳ ನಂತರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಫ್ಲೋರೈಡ್ ಚರ್ಮ ದಾಟಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟಿರುತ್ತದೆ. ಹೆಚ್ಚು ಪ್ರಮಾಣದಲ್ಲಿ ಒಳಸೇರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇದಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಬೇಕು, ಅದೂ ತಡಮಾಡದೆ. ಅಮೆರಿಕದ ವಾಷಿಂಗ್ಟನ್ ರಾಜ್ಯವೊಂದರಲ್ಲೇ 2001ರಿಂದ 2013ರ ನಡುವೆ ಕಾರು, ಟ್ರಕ್ ತೊಳೆಯುವ ಕೆಲಸಕ್ಕೆ ಸಂಬಂಧಿಸಿ 48 ಮಂದಿಗೆ ಈ ಆಮ್ಲದಿಂದ ಸುಟ್ಟ ಗಾಯಗಳಾದದ್ದು ದಾಖಲಾಗಿದೆ. ಏಳು ಮಂದಿ ಆಸ್ಪತ್ರೆ ಸೇರಿದರು, ಇಬ್ಬರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಇವರಲ್ಲದೆ, ಟ್ರಕ್ ತೊಳೆಯುವ ಕೆಲಸಗಾರನೊಬ್ಬ ಇಂಥ ದ್ರವ ಹೊಟ್ಟೆಗೆ ಹೋಗಿ ಸತ್ತ. ಕೈಗವಸು, ಲೇಬಲ್, ಕಾನೂನು ಎಲ್ಲ ಇರುವ ದೇಶದ ಲೆಕ್ಕ ಇದು. ಬರಿಗೈ, ಬರಿಗಾಲಲ್ಲಿ ನಿಂತು ಗಾಡಿ ತೊಳೆಯುವ ನಮ್ಮ ಹುಡುಗರ ಲೆಕ್ಕ ಇಡುವವರು ಯಾರು?

ಹೊಳಪಿಗಾಗಿ ಕಾರ್ಖಾನೆಯಲ್ಲಿ ತೆತ್ತ ಬೆಲೆ ಇದಕ್ಕಿಂತ ಭೀಕರ. 2014ರ ಆಗಸ್ಟ್ 2ರ ಬೆಳಿಗ್ಗೆ ಚೀನಾದ ಜಿಯಾಂಗ್ಸು ಪ್ರಾಂತ್ಯದ ಕುನ್‌ಶಾನ್ ನಗರದಲ್ಲಿ ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಹಾಕುವ ಝೊಂಗ್‌ರೊಂಗ್ ಕಾರ್ಖಾನೆಯ ಪಾಲಿಶ್ ವಿಭಾಗ ಸ್ಫೋಟಿಸಿತು. ಪಾಲಿಶ್‌ಗಾರನ ಬಟ್ಟೆಗೆ ಅಂಟುವ ಅದೇ ಲೋಹದ ಪುಡಿ ಅಲ್ಲಿ ಒಣ ಧೂಳಾಗಿ ನೆಲ, ಯಂತ್ರ, ಕೊಳವೆಗಳಲ್ಲೆಲ್ಲ ಕೂತಿತ್ತು. ಧೂಳು ಹೀರುವ ಯಂತ್ರದಲ್ಲಿ ಶೇಖರವಾದ ಪುಡಿಗೆ ತೇವ ತಾಗಿ ಕಾವೇರಿತು, ಹೊತ್ತಿತು. ಬೆಂಕಿ ಕೊಳವೆಗಳ ಮೂಲಕ ಇಡೀ ಕೋಣೆಯನ್ನು ಮುಟ್ಟಿತು. ಕೊನೆಗೆ ಸತ್ತವರು 146 ಮಂದಿ. ಜನರಲ್ ಮೋಟರ್ಸ್‌ಗೆ ಚಕ್ರ ಒದಗಿಸುವ ಕಂಪನಿಗೆ ಅಲ್ಲಿಂದ ಮಾಲು ಹೋಗುತ್ತಿತ್ತು. ಅದಕ್ಕೂ ಮೊದಲು, 2003ರ ಅಕ್ಟೋಬರಿನಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಹಂಟಿಂಗ್‌ಟನ್‌ನಲ್ಲಿ ಅಲ್ಯೂಮಿನಿಯಂ ಚಕ್ರಗಳ ಎರಕದ ಕಾರ್ಖಾನೆಯೊಂದರಲ್ಲಿ ಇಂಥದೇ ಧೂಳು ಸಿಡಿದು ಕಾರ್ಮಿಕನೊಬ್ಬ ಸತ್ತಿದ್ದ. ಅಲ್ಯೂಮಿನಿಯಂ ಗಟ್ಟಿಯಾಗಿದ್ದಾಗ ಸುಡುವುದು ಕಷ್ಟ, ಧೂಳಾದಾಗ ಸಿಡಿಮದ್ದು. ಬೆಂಗಳೂರು, ಹುಬ್ಬಳ್ಳಿಗಳ ಗಲ್ಲಿಗಳಲ್ಲಿ ಬಫಿಂಗ್ ಮೆಷಿನ್ ಇಟ್ಟುಕೊಂಡವರು ಕುನ್‌ಶಾನಿನ ಪ್ರಮಾಣದ ಧೂಳು ಎಬ್ಬಿಸಲಾರರು. ಆದರೆ ಆ ಧೂಳನ್ನು ದಿನದಿನ ಗುಡಿಸಿ ತೆಗೆಯಬೇಕು, ಕಬ್ಬಿಣ ಉಜ್ಜುವ ಕಿಡಿಯನ್ನು ಅದರ ಹತ್ತಿರ ಸುಳಿಯಗೊಡಬಾರದು, ಮೂಗಿಗೆ ಮಾಸ್ಕ್ ಬೇಕು ಎಂಬ ನಿಯಮ ಸಣ್ಣ ಅಂಗಡಿಗೂ ಒಂದೇ.

ನಮ್ಮ ಊರುಗಳಿಗೆ ವಿಶೇಷವಾಗಿ ಸಲ್ಲುವ ಇನ್ನೊಂದು ಸಂಗತಿ ರಸ್ತೆಗುಂಡಿ. ಎರಕದ ಅಲಾಯ್ ವೀಲ್ ಉಕ್ಕಿನಷ್ಟು ಬಾಗುವುದಿಲ್ಲ; ಏಟು ಜೋರಾದರೆ ಅಂಚು ಮಡಚುತ್ತದೆ ಇಲ್ಲವೇ ಬಿರಿಯುತ್ತದೆ. ಹಾಗಾಗಿಯೇ ಬೆಂಡ್ ತೆಗೆಯುವ ಅಂಗಡಿಗಳಿಗೆ ಕೈತುಂಬ ಕೆಲಸ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ, ಬಡಿದೋ ಒತ್ತಿಯೋ ನೇರ ಮಾಡಿ, ಬಿರುಕಿದ್ದರೆ ವೆಲ್ಡ್ ಮಾಡಿ, ಮೇಲೆ ಬಣ್ಣ ಹೊಡೆದೋ ಪಾಲಿಶ್ ಮಾಡಿಯೋ ಕೊಡುತ್ತಾರೆ. ನೋಡಲು ಹೊಸದೇ. ಆದರೆ ಈ ಚಕ್ರಗಳಿಗೆ ಬಲ ಬಂದದ್ದು ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಶಾಖದಿಂದ: ಮೊದಲು ಐನೂರು ಡಿಗ್ರಿ ದಾಟಿದ ಕಾವು, ಆಮೇಲೆ ನೀರಿನಲ್ಲಿ ತಣಿಸುವುದು, ಕೊನೆಗೆ ನೂರೈವತ್ತು–ನೂರೆಪ್ಪತ್ತು ಡಿಗ್ರಿಯಲ್ಲಿ ಗಂಟೆಗಟ್ಟಲೆ ಹದ. ಅಂಗಡಿಯ ಜ್ವಾಲೆಗೆ ಈ ಲೆಕ್ಕ ಗೊತ್ತಿಲ್ಲ. ಕಾದ ಜಾಗದ ಲೋಹ ಮೆದುವಾಗುತ್ತದೆ. ಮುಂದಿನ ಗುಂಡಿಗೆ ಬಿರಿಯುವುದು ಅಲ್ಲೇ. ಇಂಥ ಚಕ್ರ ಹಳೆಯ ಕಾರಿನ ಜೊತೆ ಇನ್ನೊಬ್ಬರ ಪಾಲಾಗುವಾಗ ಅದರ ಹೊಳಪು ಆರೈಕೆಯ ಗುರುತಾಗಿ ಉಳಿದಿರುವುದಿಲ್ಲ, ದೋಷಕ್ಕೆ ಹಾಕಿದ ಮುಸುಕಾಗಿರುತ್ತದೆ.

ಹೊಸ ಚಕ್ರಕ್ಕೆ ದುಡ್ಡು ಹೆಚ್ಚು, ಎಲ್ಲರಿಗೂ ಎಟುಕದು ಎಂಬ ವಾದ ನ್ಯಾಯವೇ. ಅಂಚಿನ ಸಣ್ಣ ಮಡಿಕೆಯನ್ನು ಕಾಯಿಸದೆ ಯಂತ್ರದಲ್ಲಿ ಒತ್ತಿ ಸರಿಪಡಿಸಿಕೊಂಡರೆ ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಕಡ್ಡಿಯಲ್ಲೋ ನಟ್ಟಿನ ತೂತುಗಳ ಬಳಿಯೋ ಬಿರುಕು ಬಿಟ್ಟ ಚಕ್ರ ಮಾತ್ರ ಗುಜರಿಗೆ ಹೋಗಬೇಕು. ಅದೇ ಅಳತೆಯ ಉಕ್ಕಿನ ಚಕ್ರ ಹಾಕಿಸಿಕೊಂಡು ಓಡಾಡುವುದರಲ್ಲಿ ಮರ್ಯಾದೆಗೇನೂ ಕುಂದಿಲ್ಲ. ನಾಡಿನ ಲಾರಿ, ಬಸ್ಸುಗಳು ದಿನವೂ ಅದನ್ನೇ ಮಾಡುತ್ತಿವೆ.

ಇನ್ನು ತೊಳೆಸುವವರಿಗೆ ಒಂದು ಕೋರಿಕೆ. ಈ ಸಲ ಹಬ್ಬಕ್ಕೆ ಗಾಡಿ ತೊಳೆಯಲು ಬಿಟ್ಟಾಗ ಚಕ್ರಕ್ಕೆ ಹೊಡೆಯುವ ಕ್ಯಾನಿನ ಮೇಲೆ ಚೀಟಿ ಇದೆಯೇ ನೋಡಿ. ಹೈಡ್ರೋಫ್ಲೋರಿಕ್ ಎಂದೋ ಬೈಫ್ಲೋರೈಡ್ ಎಂದೋ ಬರೆದಿದ್ದರೆ, ಅಥವಾ ಚೀಟಿಯೇ ಇಲ್ಲದಿದ್ದರೆ, ಬೇಡ ಎನ್ನಿ. ಸಾಬೂನು ನೀರು, ಮೆತ್ತನೆಯ ಬ್ರಶ್ಶು ಸಾಕು ಎಂದು ಹೇಳಿ, ಅದಕ್ಕೆ ಹಿಡಿಯುವ ಹೆಚ್ಚಿನ ಹೊತ್ತಿಗೆ ಆ ಹುಡುಗನಿಗೆ ಐವತ್ತು ರೂಪಾಯಿ ಜಾಸ್ತಿ ಕೊಡಿ. ಅವನು ತೊಳೆಯುವಾಗ ಪಕ್ಕದಲ್ಲಿ ನಿಂತು ನಟ್ಟುಗಳನ್ನು ಒಮ್ಮೆ ನೋಡಿಕೊಳ್ಳಿ.